ಮೊದಲು ಕೇಳುವ ಕಿವಿ



ಹದಿಹರೆಯದ ಮಗುವೊಂದರ ಮನಸ್ಸು ಕುಸಿಯತೊಡಗಿದಾಗ ಅದರ ಸುಳಿವು ಮೊದಲು ಯಾರಿಗೆ ಸಿಗುತ್ತದೆ? ಮನೆಯವರಿಗೆ ಎಂದು ನಾವು ಹಿರಿಯರು ನಂಬಿದ್ದೇವೆ. ಹೈಸ್ಕೂಲಿನಲ್ಲಿ ವರ್ಷಾನುಗಟ್ಟಲೆ ಪಾಠ ಮಾಡಿದ ನನಗೆ ಕಂಡದ್ದು ಬೇರೆ. ಮೊದಲು ತಿಳಿಯುವುದು ಬೆಂಚಿನಲ್ಲಿ ಪಕ್ಕಕ್ಕೆ ಕೂಡುವ ಗೆಳತಿಗೆ, ಸಂಜೆ ಆಟಕ್ಕೆ ಕರೆಯಲು ಬರುವ ಗೆಳೆಯನಿಗೆ, ಹಾಸ್ಟೆಲಿನಲ್ಲಿ ಮಗ್ಗಲಿನ ಹಾಸಿಗೆಯವನಿಗೆ. ಬುತ್ತಿ ಬಿಚ್ಚದೆ ಮನೆಗೆ ಮರಳಿ ಒಯ್ದದ್ದನ್ನು ಅವರು ನೋಡಿರುತ್ತಾರೆ. ನಡುರಾತ್ರಿ ಎದ್ದು ಕೂತದ್ದನ್ನು ನೋಡಿರುತ್ತಾರೆ. "ಯಾಕೋ ಯಾವುದೂ ಬ್ಯಾಡಾಗ್ಯಾದ" ಎಂಬ ಮಾತು ಮೊದಲು ಬೀಳುವುದು ಅವರ ಕಿವಿಗೇ. ತಂದೆತಾಯಿಗೆ ಅದು ಮುಟ್ಟುವ ಹೊತ್ತಿಗೆ ಎಷ್ಟೋ ಸಲ ತಿಂಗಳುಗಳೇ ಕಳೆದಿರುತ್ತವೆ.

ಹೀಗಿರುವಾಗ ಮಕ್ಕಳ ಮನಸ್ಸಿನ ಆರೋಗ್ಯದ ಬಗ್ಗೆ ನಾವು ನಡೆಸುವ ಸಭೆಗಳಲ್ಲಿ ವೇದಿಕೆಯ ಮೇಲೆ ಕೂಡುವವರು ಯಾರು? ಡಾಕ್ಟರು, ಅಧಿಕಾರಿ, ಮುಖ್ಯಾಧ್ಯಾಪಕರು. ಮಕ್ಕಳು ಕೆಳಗೆ ಸಾಲಾಗಿ ಕೂತು ಚಪ್ಪಾಳೆ ತಟ್ಟುತ್ತಾರೆ. ಆ ಮಕ್ಕಳಲ್ಲೇ ಕೆಲವರು ಮೇಲೆದ್ದು ಮಾತಾಡಬೇಕು, ತಮ್ಮ ಓರಗೆಯವರ ಪರವಾಗಿ ಕೇಳಬೇಕು, ಅದಕ್ಕೆ ಬೇಕಾದ ತಿಳಿವಳಿಕೆಯನ್ನು ನಾವು ಅವರಿಗೆ ಕೊಡಬೇಕು. ಈ ಹೊತ್ತು ನಾನು ಹೇಳಲು ಬಂದದ್ದು ಇದನ್ನೇ.

ಸಂಗತಿ ಎಷ್ಟು ದೊಡ್ಡದೆಂದು ಮೊದಲು ನೋಡೋಣ. ಜಗತ್ತಿನಲ್ಲಿ 10ರಿಂದ 19 ವಯಸ್ಸಿನ ಏಳು ಮಕ್ಕಳಲ್ಲಿ ಒಬ್ಬರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನವರ ಪೈಕಿ ಶೇಕಡಾ 7.3ರಷ್ಟು ಮಂದಿಗೆ ಇಂಥ ತೊಂದರೆ ಕಂಡಿತು. ದೇಶದಲ್ಲಿ 2022ನೇ ಒಂದೇ ವರ್ಷದಲ್ಲಿ 13 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ತೀರಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ ಕೊಟ್ಟಿದೆ.

ನಿಮ್ಹಾನ್ಸ್ ಸಮೀಕ್ಷೆಯ ಆ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಆದರೆ ನಮ್ಮ ವಿಜಯಪುರ ಜಿಲ್ಲೆಯ ಮಕ್ಕಳನ್ನೇ ಕೇಳಿದ ಅಧ್ಯಯನವೊಂದಿದೆ. ಕರ್ನಾಟಕ ಹೆಲ್ತ್ ಪ್ರೊಮೋಷನ್ ಟ್ರಸ್ಟ್ ಎಂಬ ಸಂಸ್ಥೆ 2014ರಿಂದ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಲ್ಲಿ 'ಸಮತಾ' ಎಂಬ ಕಾರ್ಯಕ್ರಮ ನಡೆಸಿತು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಹುಡುಗಿಯರು ಹೈಸ್ಕೂಲು ಬಿಡದಂತೆ ನೋಡಿಕೊಳ್ಳುವುದು ಅದರ ಗುರಿ. ಜೊತೆಜೊತೆಗೇ ಸಂಶೋಧಕರು 13, 14 ವಯಸ್ಸಿನ ಆ ಹುಡುಗಿಯರ ಮನಸ್ಸಿನ ಸ್ಥಿತಿಯನ್ನೂ ಕೇಳಿ ಬರೆದುಕೊಂಡರು. ಮುಂದಿನ ದಿನಗಳ ಬಗ್ಗೆ ಭರವಸೆಯೇ ಇಲ್ಲ ಎಂದು ಹೇಳಿದವರು ಮೂರರಲ್ಲಿ ಒಂದು ಪಾಲಿಗೂ ಹೆಚ್ಚು. ಎಂಟನೇ ಇಯತ್ತೆಯ ವಯಸ್ಸಿನ ಮಕ್ಕಳು ಇವರು. ಈ ಸಂಗತಿ ಓದಿದ ಮೇಲೆ ನಮ್ಮೂರಿನ ಯಾವ ಶಾಲೆಯ ಮುಂದೆ ಹಾದುಹೋದರೂ, ಪ್ರಾರ್ಥನೆಗೆ ನಿಂತ ಸಾಲುಗಳನ್ನು ಕಂಡರೂ, ಮೂರರಲ್ಲಿ ಒಬ್ಬಳು ಎಂಬ ಮಾತು ನನ್ನನ್ನು ಬಿಡುವುದಿಲ್ಲ.

ಭರವಸೆ ಯಾಕೆ ಬತ್ತುತ್ತದೆ ಎಂದು ಕೇಳುವವರು ನಮ್ಮ ಭಾಗದ ವರ್ಷದ ಕೆಲಸವನ್ನು ನೋಡಬೇಕು. ತಿಕೋಟಾ, ಬಬಲೇಶ್ವರ ಸುತ್ತಲಿನ ತೋಟಗಳಲ್ಲಿ ದ್ರಾಕ್ಷಿ ಕೊಯ್ಲಿಗೆ ಬರುವುದು, ಶೆಡ್ಡುಗಳಲ್ಲಿ ಒಣದ್ರಾಕ್ಷಿಯ ಕೆಲಸ ಜೋರಾಗುವುದು ಬೇಸಿಗೆಯ ಮೊದಲ ತಿಂಗಳುಗಳಲ್ಲಿ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಗಳೂ ಅದೇ ಹೊತ್ತಿಗೆ. ಮನೆಯ ದೊಡ್ಡ ಹುಡುಗಿ ಹಗಲು ಕೆಲಸಕ್ಕೆ ಕೈ ಹಚ್ಚಿ ರಾತ್ರಿ ಪುಸ್ತಕ ಹಿಡಿಯುತ್ತಾಳೆ. ಕೊಯ್ಲಿನ ಹೊತ್ತಿಗೆ ಒಂದು ಅಕಾಲದ ಮಳೆ ಬಿದ್ದರೆ ಸಾಲದ ಲೆಕ್ಕ ಊಟದ ಹೊತ್ತಿನಲ್ಲಿ ಮಕ್ಕಳ ಮುಂದೆಯೇ ನಡೆಯುತ್ತದೆ. ಮಳೆ ನಂಬಿದ ಹಳ್ಳಿಗಳಲ್ಲಿ, ತಾಂಡಾಗಳಲ್ಲಿ ಕಷ್ಟ ಇನ್ನೊಂದು ಬಗೆಯದು. ದೀಪಾವಳಿ ಹಿಂದೆ ಮುಂದೆ ಗಂಡಹೆಂಡತಿ ಇಬ್ಬರೂ ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ ಗಾಡಿ ಹತ್ತುತ್ತಾರೆ. ಮಕ್ಕಳು ಅಜ್ಜಿಯ ಹತ್ತಿರ ಉಳಿಯುತ್ತಾರೆ, ಇಲ್ಲವೆ ಹಾಸ್ಟೆಲು ಸೇರುತ್ತಾರೆ. ಅವ್ವ ಹತ್ತಿರ ಇಲ್ಲದ ತಿಂಗಳುಗಳಲ್ಲೇ ಒಂದು ಹುಡುಗಿ ದೊಡ್ಡವಳಾಗುತ್ತಾಳೆ, ಒಬ್ಬ ಹುಡುಗನಿಗೆ ಮೀಸೆ ಚಿಗುರುತ್ತದೆ. ಆ ವಯಸ್ಸಿನ ಪ್ರಶ್ನೆಗಳನ್ನು ಅವರು ಯಾರ ಹತ್ತಿರ ಕೇಳಬೇಕು? ಬಾಲ್ಯವಿವಾಹ ಇನ್ನೂ ಹೆಚ್ಚಿರುವ ಜಿಲ್ಲೆಗಳಲ್ಲಿ ನಮ್ಮದೂ ಒಂದೆಂಬುದನ್ನು ಬೇರೆ ಹೇಳಬೇಕಿಲ್ಲ. ಹತ್ತನೇ ಇಯತ್ತೆ ಮುಗಿಯುವ ಮೊದಲೇ ಮನೆಯಲ್ಲಿ ವರನ ಮಾತು ಎದ್ದರೆ ಓದುವ ಹುಡುಗಿಗೆ ಆಗುವ ದಿಗಿಲಿಗೆ ನಾವು ಮಾನಸಿಕ ಆರೋಗ್ಯ ಎಂಬ ಹೆಸರು ಕೊಡುವುದೇ ಇಲ್ಲ.

ವಿಜಯಪುರ ನಗರದ ಒತ್ತಡ ಬೇರೆ. ಸೈನಿಕ ಶಾಲೆ, ನವೋದಯ, ಮೊರಾರ್ಜಿ ವಸತಿ ಶಾಲೆಗಳ ಪ್ರವೇಶ ಪರೀಕ್ಷೆಗೆ ನಾಲ್ಕನೇ, ಐದನೇ ಇಯತ್ತೆಯ ಮಕ್ಕಳನ್ನೇ ತಂದು ಕೋಚಿಂಗಿಗೆ ಬಿಡುವ ಊರು ಇದು. ಹಳ್ಳಿಯಿಂದ ಬಂದ ಒಂಬತ್ತು ಹತ್ತು ವರ್ಷದ ಕೂಸು ರಾತ್ರಿ ಅವ್ವನ ನೆನಪಾಗಿ ಅಳುತ್ತದೆ. ಹಗಲು ಅಂಕಗಳ ಪಟ್ಟಿಯಲ್ಲಿ ತನ್ನ ಹೆಸರು ಎಷ್ಟನೆಯದೆಂದು ನೋಡುತ್ತದೆ. ಆ ಮಗು ಹದಿನೇಳಕ್ಕೆ ಬಂದು ನೀಟ್‌ಗೆ ಕೂತಾಗ, ಸೋತರೆ ಮುಖ ತೋರಿಸುವುದು ಹೇಗೆ ಎಂಬ ಅಂಜಿಕೆ ಅದರ ಜೊತೆಗೇ ಬೆಳೆದಿರುತ್ತದೆ. ವಯಸ್ಕರನ್ನು ಕಾಡುವ ಮಾನಸಿಕ ಕಾಯಿಲೆಗಳಲ್ಲಿ ಅರ್ಧದಷ್ಟು 14 ವರ್ಷದೊಳಗೇ ಮೊಳೆತಿರುತ್ತವೆ ಎಂದು ತಜ್ಞರು ಹೇಳುವುದನ್ನು ಈ ಮಕ್ಕಳನ್ನು ಕಣ್ಣೆದುರು ಇಟ್ಟುಕೊಂಡು ಕೇಳಬೇಕು.

ಇಷ್ಟಿದ್ದೂ ನಮ್ಮಲ್ಲಿ ಮಾತು ಹೊರಬೀಳುವುದಿಲ್ಲ. "ನಾಟಕ ಮಾಡ್ತಾಳ", "ಓದು ತಪ್ಪಸಲಿಕ್ಕೆ ನೆವ", "ಯಾರದೋ ದೃಷ್ಟಿ ಆಗ್ಯಾದ, ತಾಯತ ಕಟ್ಟಸ್ರಿ", "ಮಂದಿಗಿ ಗೊತ್ತಾದ್ರ ನಾಳೆ ಹೆಣ್ಣು ಯಾರು ತಗೋತಾರ" ಎಂದು ಮನೆಯವರು ಮುಚ್ಚಿಡುತ್ತಾರೆ. ಉತ್ತರ ಕರ್ನಾಟಕದಲ್ಲಿ ಒಬ್ಬರನ್ನು ಹಂಗಿಸಬೇಕೆಂದರೆ "ನಿನ್ನ ಧಾರವಾಡಕ್ಕ ಕಳಸಬೇಕು" ಅನ್ನುವ ರೂಢಿ ಇದೆ. ಧಾರವಾಡದ ಆ ಆಸ್ಪತ್ರೆ ಇಂದು ಡಿಮ್ಹಾನ್ಸ್ ಎಂಬ ದೊಡ್ಡ ಮಾನಸಿಕ ಆರೋಗ್ಯ ಸಂಸ್ಥೆ. ಎಷ್ಟೋ ಮನೆಗಳ ದೀಪ ಆರದಂತೆ ಕಾಯ್ದ ಜಾಗ ಅದು. ಅದರ ಹೆಸರನ್ನು ಬೈಗುಳವಾಗಿ ಬಳಸುವುದನ್ನು ಇಂದಿನಿಂದಲೇ ಬಿಡಿರೆಂದು ಕೇಳುಗರನ್ನು ಬೇಡಿಕೊಳ್ಳುತ್ತೇನೆ. ಆ ಬೈಗುಳ ಕೇಳಿ ಬೆಳೆದ ಹುಡುಗ ತನಗೇ ಕಷ್ಟ ಬಂದಾಗ ಬಾಯಿ ತೆರೆಯುವುದಿಲ್ಲ.

ತಿಕೋಟಾ ಕಡೆಯ ಒಂದು ಶಾಲೆಯಲ್ಲಿ ನಾನಿದ್ದಾಗ, ಒಂಬತ್ತನೇ ಇಯತ್ತೆಯ ಹುಡುಗಿಯೊಬ್ಬಳು ಶಾಲೆ ಬಿಟ್ಟ ಮೇಲೆ ಬಾಗಿಲ ಹತ್ತಿರ ನಿಂತಿದ್ದಳು. ಹೆಸರು ಬೇಡ. "ಸರ್, ನಮ್ಮ ಗೆಳತಿ ಮಾತೇ ಬಿಟ್ಟಾಳ್ರೀ. ನಿನ್ನಿ ತನ್ನ ಬಳಿ, ಪೆನ್ನು, ವಹಿ ಎಲ್ಲಾ ನನಗ ಕೊಟ್ಟಳ್ರೀ. ನನಗಿನ್ನ ಬ್ಯಾಡ ಅಂದಳ್ರೀ. ಯಾರಿಗೂ ಹೇಳಬ್ಯಾಡ ಅಂತ ಆಣಿ ಮಾಡಿಸಿಕೊಂಡಾಳ್ರೀ" ಅಂದಳು. ಮತ್ತೆ ನನಗ್ಯಾಕೆ ಹೇಳಿದೆಯವ್ವಾ ಎಂದು ಕೇಳಿದೆ. "ಆಣಿ ಮುರದ್ರ ಪಾಪ ಬರ್ತದೋ ಇಲ್ಲೋ ಗೊತ್ತಿಲ್ರೀ ಸರ್. ಆಕಿ ಇರಬೇಕ್ರೀ" ಅಂದಳು. ಆ ಸಂಜೆಯೇ ಗೆಳತಿಯ ಅಜ್ಜಿಯ ಜೊತೆ ಮಾತಾಡಿದೆವು. ತಂದೆತಾಯಿ ಊರಿಗೆ ಬಂದರು, ಚಿಕಿತ್ಸೆ ಆಯಿತು. ಆ ಗೆಳತಿ ಮುಂದೆ ಪಿಯುಸಿ ಓದಿದಳು. ಮನಃಶಾಸ್ತ್ರದ ಒಂದು ಪಾಠವನ್ನೂ ಓದಿರದ ಹದಿನಾಲ್ಕು ವರ್ಷದ, ಬಾಗಿಲ ಹತ್ತಿರ ನಿಂತಿದ್ದ ಆ ಮಗು ಅಂದು ಅತ್ಯಂತ ಸರಿಯಾದ ಕೆಲಸ ಮಾಡಿತ್ತು. ಇಷ್ಟವಾದ ವಸ್ತುಗಳನ್ನು ಇದ್ದಕ್ಕಿದ್ದಂತೆ ಹಂಚಿಬಿಡುವುದು ಅಪಾಯದ ಸೂಚನೆ ಎಂದು ಆಕೆಗೆ ಯಾರೂ ಹೇಳಿರಲಿಲ್ಲ, ಆಕೆಯ ಜೀವಕ್ಕೆ ತಿಳಿದಿತ್ತು. ಪ್ರತಿ ಮಗುವಿಗೂ ಹಾಗೆ ತಾನಾಗಿ ತಿಳಿಯಲಿ ಎಂದು ಕೂಡುವುದು ಸರಿಯೇ? ಕಲಿಸಬೇಡವೇ?

ಕಲಿಸಿದರೆ ಉಪಯೋಗವಾಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿದೆ. ಯುರೋಪಿನ ಹತ್ತು ದೇಶಗಳ 168 ಶಾಲೆಗಳಲ್ಲಿ 11,110 ವಿದ್ಯಾರ್ಥಿಗಳ ಮೇಲೆ ನಡೆದ ಒಂದು ಅಧ್ಯಯನ 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೂರು ದಾರಿಗಳನ್ನು ಸಂಶೋಧಕರು ಹೋಲಿಸಿ ನೋಡಿದರು. ಒಂದು ಕಡೆ ಶಿಕ್ಷಕರಿಗೆ ತರಬೇತಿ, ಇನ್ನೊಂದು ಕಡೆ ತಜ್ಞರಿಂದ ಮಕ್ಕಳ ತಪಾಸಣೆ. ಮೂರನೆಯ ಕಡೆ ನೇರವಾಗಿ ಮಕ್ಕಳನ್ನೇ ಕೂಡಿಸಿಕೊಂಡು, ಜಗಳ, ಪ್ರೇಮಭಂಗ, ಪರೀಕ್ಷೆಯ ಸೋಲು, ಸಾಯಬೇಕೆನ್ನಿಸುವ ಗೆಳೆಯ ಇಂಥ ಸಂದರ್ಭಗಳನ್ನು ಅವರಿಂದಲೇ ಅಭಿನಯ ಮಾಡಿಸಿ ಚರ್ಚಿಸಿದರು. ನಾಲ್ಕು ವಾರಗಳಲ್ಲಿ ಒಟ್ಟು ಐದು ತಾಸು, ಅಷ್ಟೇ. ವರ್ಷದ ಕೊನೆಗೆ ನೋಡಿದಾಗ ಆತ್ಮಹತ್ಯೆಯ ಪ್ರಯತ್ನಗಳು ಅರ್ಧದಷ್ಟು ಕಡಿಮೆಯಾಗಿದ್ದದ್ದು ಮಕ್ಕಳೇ ಆಡಿ, ಮಾತಾಡಿ ಕಲಿತ ಆ ಮೂರನೆಯ ಗುಂಪಿನಲ್ಲಿ. ಉಳಿದೆರಡು ದಾರಿಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಾಟಕ, ಬಯಲಾಟ, ಪಾರಿಜಾತ ಆಡಿಸಿದ ನಾಡು ನಮ್ಮದು. ನಮ್ಮ ಹೈಸ್ಕೂಲುಗಳಲ್ಲಿ ಈ ಐದು ತಾಸು ಹೊಂದಿಸುವುದು ದೊಡ್ಡ ಮಾತಲ್ಲ.

ನಮ್ಮ ದೇಶದ ಒಂದು ಉದಾಹರಣೆಯೂ ಇದೆ. ಬಿಹಾರದ ನಳಂದಾ ಜಿಲ್ಲೆಯ 74 ಹೈಸ್ಕೂಲುಗಳಲ್ಲಿ ನಡೆದ 'ಸೆಹೆರ್' ಅಧ್ಯಯನದ ಫಲ 2018ರಲ್ಲಿ ಹೊರಬಂತು. ಕೆಲವು ಶಾಲೆಗಳಲ್ಲಿ ಸ್ಥಳೀಯ ಆಪ್ತಸಮಾಲೋಚಕರೊಬ್ಬರನ್ನು ನೇಮಿಸಿದರು, ಕೆಲವು ಕಡೆ ಅದೇ ಕೆಲಸವನ್ನು ಶಿಕ್ಷಕರಿಗೆ ವಹಿಸಿದರು. ಗೋಡೆಪತ್ರಿಕೆ, ಹೆಸರು ಬರೆಯದೆಯೂ ಚೀಟಿ ಹಾಕಬಹುದಾದ ಪೆಟ್ಟಿಗೆ, ಮಕ್ಕಳ ಗುಂಪುಗಳು, ಒಬ್ಬೊಬ್ಬರ ಜೊತೆ ಮಾತುಕತೆ ಎಲ್ಲವೂ ಇತ್ತು. ಸಮಾಲೋಚಕರಿದ್ದ ಶಾಲೆಗಳಲ್ಲಿ ಮಕ್ಕಳ ಖಿನ್ನತೆ, ಒಬ್ಬರನ್ನೊಬ್ಬರು ಪೀಡಿಸುವುದು ಕಡಿಮೆಯಾಯಿತು. ಶಿಕ್ಷಕರಿಗೆ ವಹಿಸಿದಲ್ಲಿ ಆಗಲಿಲ್ಲ. ಶಿಕ್ಷಕನಾಗಿ ಇದನ್ನು ಓದಿ ನನಗೆ ಬೇಸರವಾಗಲಿಲ್ಲ. ಅಂಕ ಕೊಡುವ ಕೈ ನಮ್ಮದು. ಆ ಕೈಗೆ ಮನಸ್ಸಿನ ಗುಟ್ಟು ಕೊಡಲು ಮಗು ಹಿಂಜರಿಯುವುದು ಸಹಜ.

ಎಲ್ಲ ಕಾರ್ಯಕ್ರಮವೂ ಒಳ್ಳೆಯದೇ ಎಂದು ಇದರಿಂದ ತಿಳಿಯಬಾರದು. ಬ್ರಿಟನ್ನಿನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಸೇರಿಸಿಕೊಂಡು, ಅವರಲ್ಲಿ ಒಂದು ಪಾಲಿಗೆ ಶಾಲೆಯಲ್ಲೇ ಧ್ಯಾನದ ತರಗತಿ ಇಟ್ಟು ನೋಡಿದ ಪ್ರಯೋಗದಿಂದ ಮೊದಲಿದ್ದ ಪಾಠಗಳಿಗಿಂತ ಹೆಚ್ಚಿನ ಲಾಭವೇನೂ ಆಗಲಿಲ್ಲ ಎಂದು 2022ರಲ್ಲಿ ವರದಿಯಾಯಿತು. ಅಕ್ಟೋಬರ್ 10ರಂದು ಮಾನಸಿಕ ಆರೋಗ್ಯ ದಿನವೆಂದು ಜಾಥಾ ತೆಗೆದು, ಚಿತ್ರಕಲಾ ಸ್ಪರ್ಧೆ ಇಟ್ಟು ಬಿಟ್ಟರೆ ಮಕ್ಕಳ ನೋವು ಎಲ್ಲಿತ್ತೋ ಅಲ್ಲೇ ಇರುತ್ತದೆ.

ಹಾಗಾದರೆ ಕಲಿಸಬೇಕಾದದ್ದೇನು? ಗೆಳತಿ ಮಾತಾಡುವಾಗ ನಡುವೆ ಬಾಯಿ ಹಾಕದೆ ಕೇಳುವುದು. "ಇಷ್ಟಕ್ಕೆಲ್ಲ ಯಾಕ ಅಳತಿ" ಅನ್ನದಿರುವುದು. ಸಾಯುವ ವಿಚಾರ ಬರ್ತದೇನು ಎಂದು ನೇರವಾಗಿ ಕೇಳುವುದು. ಹಾಗೆ ಕೇಳಿದರೆ ಇಲ್ಲದ ವಿಚಾರ ತಲೆಗೆ ಹೊಕ್ಕೀತು ಎಂದು ಅಂಜುವವರಿದ್ದಾರೆ. ಕೇಳುವುದರಿಂದ ವಿಚಾರ ಹುಟ್ಟುವುದಿಲ್ಲ, ಹೊತ್ತವರ ಭಾರ ಇಳಿಯುತ್ತದೆ ಎಂದು ಈ ಕ್ಷೇತ್ರದವರು ಖಚಿತವಾಗಿ ಹೇಳುತ್ತಾರೆ. ಎಲ್ಲಕ್ಕಿಂತ ಮುಖ್ಯವಾದದ್ದು, ಜೀವಕ್ಕೆ ಅಪಾಯವಿದ್ದರೆ ಆಣೆ ಮುರಿದು ಹಿರಿಯರೊಬ್ಬರಿಗೆ ಹೇಳುವುದು. ಬಣವಿಗೆ ಬೆಂಕಿ ಹತ್ತಿದ್ದನ್ನು ಕಂಡ ಹುಡುಗ ಒಬ್ಬನೇ ಆರಿಸಲು ಹೋಗುವುದಿಲ್ಲ, ಓಡಿ ಬಂದು ಊರಿಗೆ ಹೇಳುತ್ತಾನೆ. ಇಲ್ಲಿಯೂ ಅಷ್ಟೇ. ಈ ಕೆಲಸಕ್ಕೆ ಮುಂದೆ ಬರುವ ಮಕ್ಕಳನ್ನು ಪುಟ್ಟ ಡಾಕ್ಟರರನ್ನಾಗಿ ಮಾಡಬಾರದು. ಗೆಳೆಯನ ಕಷ್ಟ ಹೊತ್ತುಕೊಂಡು ತಾನೇ ನಿದ್ದೆಗೆಟ್ಟ ಹುಡುಗರನ್ನು ನಾನು ಕಂಡಿದ್ದೇನೆ. ಅವರಿಗೂ ಕೇಳುವವರೊಬ್ಬರು ಬೇಕು. ಗೆಳತಿಯ ಹೆಸರು, ಫೋಟೋ, ಕತೆ ಯಾವುದೂ ವಾಟ್ಸಾಪಿಗೆ, ರೀಲ್ಸಿಗೆ ಹೋಗಬಾರದು ಎಂಬುದನ್ನೂ ಖಡಾಖಂಡಿತ ಹೇಳಿಕೊಡಬೇಕು.

ಮಗು ಓಡಿ ಬಂದು ಹೇಳಿದ ಮೇಲೆ ಹಿರಿಯರು ಎಲ್ಲಿಗೆ ಹೋಗಬೇಕು? ದಾರಿಗಳಿವೆ, ಗೊತ್ತಿರುವವರು ಕಡಿಮೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಎಂಬ ಸರ್ಕಾರಿ ಸಹಾಯವಾಣಿಯ ನಂಬರು 14416. ಹಗಲು ರಾತ್ರಿ ಯಾವ ಹೊತ್ತಿಗೂ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಮೇಲೆ ದೌರ್ಜನ್ಯ ನಡೆದಿದ್ದರೆ, ಮದುವೆ ನಿಲ್ಲಿಸಬೇಕಿದ್ದರೆ 1098. ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವಿದೆ. ಮನೋಚೈತನ್ಯ ಯೋಜನೆಯಲ್ಲಿ ಮನೋವೈದ್ಯರು ಮಂಗಳವಾರದ ದಿನ ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡಿದೆ. ನಗರದ ಬಿ.ಎಲ್.ಡಿ.ಇ. ವೈದ್ಯಕೀಯ ಕಾಲೇಜಿನಲ್ಲಿ ಮನೋವೈದ್ಯ ವಿಭಾಗವಿದೆ. ಹದಿಹರೆಯದವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಇದೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆಗೂಡಿ ನಡೆಸುವ ಯುವ ಸ್ಪಂದನ ಕೇಂದ್ರ ಪ್ರತಿ ಜಿಲ್ಲೆಗೂ ಒಂದಿದೆ. ಅಲ್ಲಿ ಕೆಲಸ ಮಾಡುವ ಯುವ ಪರಿವರ್ತಕರು ತಾವೂ ಯುವಕರೇ. 2014ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಲ್ಲಂತೂ ಹಳ್ಳಿಯ ಹುಡುಗ ಹುಡುಗಿಯರನ್ನೇ ಆರಿಸಿ, ತರಬೇತಿ ಕೊಟ್ಟು, ಓರಗೆಯವರ ಜೊತೆ ಆರೋಗ್ಯದ ಮಾತಾಡುವಂತೆ ಮಾಡುವ ವ್ಯವಸ್ಥೆಯೇ ಇದೆ. ಮನಸ್ಸಿನ ಆರೋಗ್ಯವೂ ಅದರ ಆರು ವಿಷಯಗಳಲ್ಲೊಂದು. ನಿಮ್ಮೂರಿನಲ್ಲಿ ಆ ಮಕ್ಕಳು ಯಾರು ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ ನೋಡಿ.

ತಜ್ಞರಲ್ಲದವರ ಕೈಗೆ ತಿಳಿವಳಿಕೆ ಕೊಡುವುದರಲ್ಲಿ ಕರ್ನಾಟಕ ದೇಶಕ್ಕೇ ದಾರಿ ತೋರಿಸಿದ ರಾಜ್ಯ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಗುರುತಿಸುವುದನ್ನು ಕಲಿಸಿದರು. ಹಳ್ಳಿಯಲ್ಲೇ ಚಿಕಿತ್ಸೆ ಸಾಧ್ಯವೆಂದು ಅಲ್ಲಿ ಸಿದ್ಧವಾಯಿತು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಕಾರ್ಯಕ್ರಮಕ್ಕೆ ಆ ಬಳ್ಳಾರಿಯ ಕೆಲಸವೇ ಮಾದರಿ. ಬೆಂಗಳೂರಿನಲ್ಲಿ ಬೆಳೆದ ನಟಿ ದೀಪಿಕಾ ಪಡುಕೋಣೆ 2015ರಲ್ಲಿ ತಮ್ಮ ಖಿನ್ನತೆಯನ್ನು ಮುಚ್ಚಿಡದೆ ಹೇಳಿ ಸಂಸ್ಥೆಯೊಂದನ್ನು ಕಟ್ಟಿದಾಗ, ಅದರ ಗ್ರಾಮೀಣ ಕೆಲಸ ಮೊದಲಾದದ್ದೂ ದಾವಣಗೆರೆ ಜಿಲ್ಲೆಯಲ್ಲಿ. ಈ ಬಳಗಕ್ಕೆ ಇನ್ನು ಸೇರಬೇಕಾದವರು ನಮ್ಮ ಒಂಬತ್ತು, ಹತ್ತನೇ ಇಯತ್ತೆಯ ಮಕ್ಕಳು.

ಮಗು ಜೀವ ಕಳೆದುಕೊಳ್ಳಲು ಯತ್ನಿಸಿದಾಗಲೂ ಪೊಲೀಸರಿಗೆ ಅಂಜಿ ಸುಮ್ಮನಿರುವ ಮನೆಗಳಿಗೆ ಒಂದು ಮಾತು. 2017ರ ಮಾನಸಿಕ ಆರೋಗ್ಯ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಜೀವ ಕಳೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಅದು ತಿಳಿಯುತ್ತದೆ. ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಹೊಣೆ. ಆಸ್ಪತ್ರೆಗೆ ಒಯ್ಯಲು ತಡ ಮಾಡಬೇಡಿ.

ತೋಟವಿರುವ ಮನೆಯವರಿಗೆ ಇನ್ನೊಂದು ಮಾತು. ಬೆಳೆಗೆ ಹೊಡೆಯುವ ಎಣ್ಣಿಯ ಡಬ್ಬಿಗಳು ಪಡಸಾಲೆಯ ಮೂಲೆಯಲ್ಲಿ, ಮಂಚದ ಕೆಳಗೆ ಇರಬಾರದು. ಮನೆಯಿಂದ ದೂರ, ಬೀಗ ಹಾಕಿದ ಪೆಟ್ಟಿಗೆಯಲ್ಲಿರಲಿ, ಕೀಲಿ ಹಿರಿಯರ ಹತ್ತಿರ ಇರಲಿ. ಹದಿಹರೆಯದ ಸಂಕಟ ಬಹಳ ಸಲ ಒಂದು ಗಳಿಗೆಯದು. ಆ ಗಳಿಗೆ ದಾಟಿಸಿದರೆ ಮಗು ಉಳಿಯುತ್ತದೆ.

ಪರೀಕ್ಷೆಯ ವಿಷಯದಲ್ಲಿ ಮಕ್ಕಳಿಗೆ ಹೇಳಲೇಬೇಕಾದ ಸಂಗತಿಯೊಂದಿದೆ. ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಮೊದಲನೆಯದರಲ್ಲಿ ಬಿದ್ದವರಿಗೆ ಎರಡನೆಯದು ಕಾದಿರುತ್ತದೆ. ಫಲಿತಾಂಶದ ದಿನ ಪ್ರತಿ ಮನೆಯಲ್ಲೂ ಮೊದಲು ಆಡಬೇಕಾದ ಮಾತು ಇದು, ಅಂಕ ಎಷ್ಟು ಎಂಬುದಲ್ಲ. ಕೋಚಿಂಗ್ ಸಂಸ್ಥೆಗಳವರೂ ಕೇಳಿಸಿಕೊಳ್ಳಬೇಕು. 2025ರ ಜುಲೈ 25ರಂದು ಸುಪ್ರೀಂ ಕೋರ್ಟು ಶಾಲೆ, ಕಾಲೇಜು, ಹಾಸ್ಟೆಲು, ಕೋಚಿಂಗ್ ಕೇಂದ್ರ ಎಲ್ಲಕ್ಕೂ ಹದಿನೈದು ನಿರ್ದೇಶನಗಳನ್ನು ಕೊಟ್ಟಿದೆ. ನೂರು ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರುವಲ್ಲಿ ತರಬೇತಾದ ಸಮಾಲೋಚಕರಿರಬೇಕು. ಅಂಕ ನೋಡಿ ಮಕ್ಕಳನ್ನು ಬೇರೆ ಬೇರೆ ಬ್ಯಾಚು ಮಾಡಬಾರದು, ನಾಲ್ಕು ಜನರ ಮುಂದೆ ಅವಮಾನಿಸಬಾರದು. ಟೆಲಿ-ಮಾನಸ್‌ನಂಥ ಸಹಾಯವಾಣಿಯ ನಂಬರನ್ನು ದಪ್ಪ ಅಕ್ಷರದಲ್ಲಿ ಕಾಣುವ ಹಾಗೆ ಬರೆಸಬೇಕು. ನಿಮ್ಮ ಮಗು ಓದುವಲ್ಲಿ ಇದು ಆಗಿದೆಯೇ ಎಂದು ತಂದೆತಾಯಿ ಹೋಗಿ ನೋಡಬೇಕು, ಆಗಿರದಿದ್ದರೆ ಕೇಳಬೇಕು.

ಮಕ್ಕಳೇ, ಕೇಳುವ ಹಕ್ಕು ನಿಮಗೂ ಇದೆ. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ಆದೇಶ ಬಹಳ ವರ್ಷಗಳಿಂದ ಇದೆ. ಆ ಸಭೆಗಳಲ್ಲಿ ಶೌಚಾಲಯ, ಬಸ್ಸು, ಕುಡಿಯುವ ನೀರು, ಆಟದ ಮೈದಾನ ಇವನ್ನು ಮಕ್ಕಳು ಧೈರ್ಯವಾಗಿ ಕೇಳುತ್ತಾರೆ. ಇವುಗಳ ಜೊತೆಗೆ ನಮ್ಮ ಶಾಲೆಗೆ ಸಮಾಲೋಚಕರು ಬರಲಿ, ತಾಲ್ಲೂಕು ಆಸ್ಪತ್ರೆಗೆ ಮನಸ್ಸಿನ ಡಾಕ್ಟರು ತಪ್ಪದೆ ಬರಲಿ, ಓರಗೆಯವರ ಮಾತು ಕೇಳುವುದು ಹೇಗೆಂದು ನಮಗೆ ಕಲಿಸಿ ಎಂದೂ ಕೇಳಿ. ತಿಕೋಟಾದ ಹುಡುಗಿಯಾಗಲಿ ಬಬಲೇಶ್ವರದ ಹುಡುಗನಾಗಲಿ ಎದ್ದು ನಿಂತು ಇದನ್ನು ಕೇಳಿದ ದಿನ ಪಂಚಾಯಿತಿಯ ಹಿರಿಯರು ಅವರನ್ನು ಕೂಡಿಸಬಾರದು. ಹಿರಿಯರೇ, ಆ ಬೇಡಿಕೆಯನ್ನು ಅದೇ ಸಭೆಯ ನಡಾವಳಿಯಲ್ಲಿ ಬರೆಸಿ. ಮುಂದಿನ ವರ್ಷದ ಸಭೆಯಲ್ಲಿ, ಏನಾಯಿತೆಂಬುದನ್ನು ಕೇಳಿದ ಮಗುವಿಗೇ ಎದುರು ನಿಂತು ಹೇಳಿ.